ದಾಮೋದರನ ಪುಣ್ಯಮರಣ

ವಡೋದರಾದ ಫತೇಗಂಜಿನಲ್ಲಿ ಸಾವಿತ್ರಿಯ ಮನೆಗೆ ಹೊಸದಾಗಿ ಬಂದವರು ಮೊದಲು ಗೋಡೆಯ ಮೇಲೆ ಗಡಿಯಾರ ಹುಡುಕುತ್ತಿದ್ದರು. ಟಿಕ್ ಟಿಕ್ ಕೇಳುತ್ತದೆ, ಗಡಿಯಾರ ಕಾಣುವುದಿಲ್ಲ. ಸದ್ದು ಅವಳ ಗಂಡ ದಾಮೋದರನ ಎದೆಯೊಳಗಿನದು. ಅಹಮದಾಬಾದಿನಲ್ಲಿ ಎದೆ ಸೀಳಿ ಕೃತಕ ಕವಾಟ ಕೂರಿಸಿದ್ದರು. ಹನ್ನೊಂದು ವರ್ಷ ಆ ಸದ್ದಿನ ಪಕ್ಕ ಮಲಗಿದವಳಿಗೆ, ಅದು ನಿಂತು ಎರಡು ವರ್ಷವಾದರೂ ನಲ್ಲಿ ತೊಟ್ಟಿಕ್ಕಿದರೆ ಸಾಕು, ಮಾಡುತ್ತಿದ್ದ ಕೆಲಸದ ಮೇಲೆ ಕೈ ನಿಂತುಬಿಡುತ್ತದೆ.

ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ರಕ್ತ ತೆಳು ಮಾಡುವ ಮಾತ್ರೆ. ಅದು ಹೆಚ್ಚಾದರೆ ಒಳಗೇ ರಕ್ತ ಸೋರೀತು, ಕಡಿಮೆಯಾದರೆ ಕವಾಟ ಕಟ್ಟೀತು. ಅದಕ್ಕೇ ತಿಂಗಳಿಗೊಮ್ಮೆ ಐಎನ್‌ಆರ್ ಎಂಬ ರಕ್ತಪರೀಕ್ಷೆ. ಅಂಕಿ ಎರಡೂವರೆಯಿಂದ ಮೂರೂವರೆಯೊಳಗೆ ನಿಲ್ಲಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಸಾವಿತ್ರಿ ಇಡ್ಲಿ ಹಿಟ್ಟಿನ ಹದ ಹಿಡಿದಂತೆ ಈ ಹದವನ್ನೂ ಹಿಡಿದಿದ್ದಳು. ಹೃದಯದ ಡಾಕ್ಟರು, ಸಾವಿತ್ರಿಬೆನ್ ನೀವೇ ಒಂದು ಕ್ಲಿನಿಕ್ ತೆರೆಯಿರಿ ಎಂದು ನಕ್ಕದ್ದನ್ನು ಊರಿನ ನೆಂಟರಿಗೆಲ್ಲ ಫೋನು ಮಾಡಿ ಹೇಳಿಕೊಂಡಿದ್ದಳು.

ಅವರದು ಉಡುಪಿ ಕಡೆಯ ಮಾಧ್ವರ ಮನೆ. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ: ಸೊಪ್ಪಿಲ್ಲ, ತರಕಾರಿಯಿಲ್ಲ, ಹೆಸರುಬೇಳೆ, ಕಾಳುಮೆಣಸು, ಮಾವಿನಹಣ್ಣಿನಲ್ಲೇ ಊಟ. ದಾಮೋದರ ಮನೆಯಲ್ಲಿ ಸಾಧುವಿನ ಹಾಗೆ ಅದನ್ನು ಉಂಡು, ಯೂನಿವರ್ಸಿಟಿ ಹತ್ತಿರದ ತನ್ನ ಹೋಟೆಲಿಗೆ ಹೋಗಿ ಪಾಲಕ್ ಹುಳಿ ಹೊಡೆಯುತ್ತಿದ್ದ. ಅವಳಿಗೆ ಗೊತ್ತಿತ್ತು. ಆ ಕದ್ದು ತಿಂದ ಸೊಪ್ಪೇ ಅಂಕಿಯನ್ನು ಹಿಡಿದಿಟ್ಟಿತ್ತೆಂಬುದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ. ದಿನಾ ತಿನ್ನುವ ಸೊಪ್ಪು ಒಮ್ಮೆಲೇ ನಿಂತರೆ ಅದೇ ಮಾತ್ರೆ ಮೈಮೇಲೆ ಜೋರು ಮಾಡುತ್ತದೆ.

ಎರಡು ವರ್ಷದ ಹಿಂದಿನ ಆಷಾಢದಲ್ಲಿ ಜ್ವರ, ಕೆಮ್ಮು ಹಿಡಿದು ಅವನಿಗೆ ಹೋಟೆಲು ತಪ್ಪಿತು. ಬೀದಿ ತುದಿಯ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟರು, ಟಿಕ್ ಟಿಕ್ ಕೇಳಿಸಿಕೊಂಡರು, ಎದೆಯುದ್ದದ ಗಾಯದ ಗೆರೆ ನೋಡಿದರು, ಆಂಟಿಬಯೊಟಿಕ್ ಬರೆದರು. ಬೇರೆ ಏನು ಮಾತ್ರೆ ತೆಗೆದುಕೊಳ್ಳುತ್ತೀರಿ? ಇಷ್ಟು ಕೇಳಲು ಎಷ್ಟು ಹೊತ್ತು ಬೇಕು? ಔಷಧಿ ಅಂಗಡಿಯವನೂ ಕೇಳಲಿಲ್ಲ. ಎಷ್ಟೋ ಆಂಟಿಬಯೊಟಿಕ್‌ಗಳು ಆ ರಕ್ತದ ಮಾತ್ರೆಯ ಬಲ ಏರಿಸುತ್ತವೆ, ಶುರುವಾದ ಮೂರು ನಾಲ್ಕು ದಿನದಲ್ಲಿ ಪರೀಕ್ಷೆ ಮಾಡಿಸಬೇಕು. ಆಪರೇಷನ್ ಫೈಲಿನಲ್ಲಿ ಈ ಮಾತು ಇತ್ತು, ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಆ ಭಾಷೆ ಓದಲು ಬಾರದವರ ಕೈಗೆ ಕಾಗದ ತುರುಕುವುದಕ್ಕೆ ತಿಳಿಸಿ ಹೇಳುವುದು ಅನ್ನುವುದಿಲ್ಲ, ಕೈ ತೊಳೆದುಕೊಳ್ಳುವುದು ಅನ್ನುತ್ತಾರೆ.

ಆದರೆ ಸಾವಿತ್ರಿ ಆ ಕಾಗದದ ಹಿಂದೆ ಅವಿತುಕೊಳ್ಳುವ ಹಾಗಿಲ್ಲ. ಹೇಗೂ ಮನೆಯಲ್ಲೇ ಇದ್ದೀರಿ, ಈ ವರ್ಷವಾದರೂ ವ್ರತ ಸರಿಯಾಗಿ ಮಾಡಿ ಎಂದವಳು ಅವಳೇ. ಮಾಡಿದ. ಐದನೇ ದಿನ ಹಲ್ಲುಜ್ಜಿ ಉಗುಳಿದ್ದು ಕೆಂಪಾಗಿತ್ತು. ಮುಂಗೈ ಮೇಲೆ ನೇರಳೆ ಬಣ್ಣದ ಕಲೆ. ಪರೀಕ್ಷೆಯ ತಾರೀಖಿಗೆ ಇನ್ನೂ ಎಂಟು ದಿನ ಇದೆಯಲ್ಲ ಎಂದಳು. ಮರುದಿನ ಮಧ್ಯಾಹ್ನ, ತಲೆ ಸಿಡಿಯುತ್ತದೆ ಎಂದು ಕುಳಿತವನು ಏಳಲಿಲ್ಲ. ಮೆದುಳಿನಲ್ಲಿ ರಕ್ತ.

ಊರಿನಲ್ಲಿ ಬೇರೆಯೇ ಕಥೆ ಬೆಳೆಯಿತು. ವ್ರತದಲ್ಲಿದ್ದಾಗಲೇ ಹೋದ, ನರಳಲಿಲ್ಲ, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ, ಪುಣ್ಯವಂತ. ಸಾವಿತ್ರಿ ತಲೆಯಾಡಿಸಿದಳು. ಒಮ್ಮೆ ತಲೆಯಾಡಿಸಿದ ಮೇಲೆ ಪ್ರತಿ ಸಲವೂ ಆಡಿಸಬೇಕಾಯಿತು.

ಆ ಕಥೆಯನ್ನು ಎಲ್ಲರಿಗಿಂತ ಹೆಚ್ಚು ಹೇಳಿದವರು ದಾಮೋದರನ ಅಕ್ಕ ರತ್ನಮ್ಮ. ಎಪ್ಪತ್ತೆರಡರ ವಿಧವೆ, ತಮ್ಮ ಹೋದ ಮೇಲೆ ನಾದಿನಿಗೆ ಜೊತೆಯೆಂದು ವಡೋದರಾಕ್ಕೆ ಬಂದು ಉಳಿದರು. ಚಿಕ್ಕಂದಿನಲ್ಲಿ ದಾಮೋದರನ ಕವಾಟ ಕೆಡಿಸಿದ್ದ ಕೀಲುಜ್ವರವೇ ಅಕ್ಕನ ಹೃದಯವನ್ನೂ ಕೆಡಿಸಿತ್ತು. ಅವರಿಗೂ ಅದೇ ಮಾತ್ರೆ.

ಈ ಆಷಾಢದಲ್ಲಿ ಅವರಿಗೆ ಉರಿಮೂತ್ರ, ಚಳಿಜ್ವರ. ಗಂಡ ಹೋದ ಮೇಲೆ ಹೃದಯದ ಡಾಕ್ಟರಿಂದ ಸೊಪ್ಪಿನ, ಆಂಟಿಬಯೊಟಿಕ್‌ನ ವಿಷಯ ತಿಳಿದುಕೊಂಡಿದ್ದ ಸಾವಿತ್ರಿ ಈ ಸಲ ಕ್ಲಿನಿಕ್ಕಿನ ಮೇಜಿನ ಮೇಲೆ ರಕ್ತದ ಮಾತ್ರೆಯ ಹಾಳೆಯನ್ನೇ ಇಟ್ಟಳು. ಅಲ್ಲಿನ ಹುಡುಗಿ ಡಾಕ್ಟರು ನೋಡಿ, ಆಂಟಿಬಯೊಟಿಕ್ ಬೇಕೇ ಬೇಕು, ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ, ನಾಲ್ಕನೇ ದಿನ ಪರೀಕ್ಷೆ ಮಾಡಿಸಿ, ಊಟ ಎಂದಿನಂತೆ ಇರಲಿ ಎಂದರು. ರತ್ನಮ್ಮ ಮಾತ್ರೆಗಳನ್ನೇನೋ ನುಂಗಿದರು, ಊಟಕ್ಕೂ ಪರೀಕ್ಷೆಗೂ ಒಪ್ಪಲಿಲ್ಲ. ವ್ರತ ಐವತ್ತು ವರ್ಷದ್ದು. ತಿಂಗಳ ಪರೀಕ್ಷೆ ಹೇಗೂ ಇಪ್ಪತ್ತನೇ ತಾರೀಖಿಗೆ ಇದೆ. ಮಳೆಯಲ್ಲಿ ಆಟೋ ಹತ್ತಿ ಸೂಜಿ ಚುಚ್ಚಿಸಿಕೊಳ್ಳಲು ತನಗೆ ಹುಚ್ಚೇ ಎಂದರು.

ನಾಲ್ಕನೇ ದಿನ ಮಧ್ಯಾಹ್ನ ಇಬ್ಬರೂ ಹೆಸರುಬೇಳೆ ಆರಿಸುತ್ತ ಕುಳಿತಿದ್ದಾಗ ರತ್ನಮ್ಮನ ಸೆರಗು ಸರಿಯಿತು. ಮೊಣಕೈ ಹತ್ತಿರ ನೇರಳೆ ಕಲೆ. ಸಾವಿತ್ರಿಗೆ ಆ ಬಣ್ಣದ ಗುರುತಿತ್ತು.

"ಬಾಗಿಲು ತಾಗಿದ್ದು ಮಾರಾಯ್ತಿ. ನೀನು ಒಂದು, ನೊಣ ಕೂತರೂ ಡಾಕ್ಟರ ಹತ್ತಿರ ಓಡುವವಳು," ಎಂದು ರತ್ನಮ್ಮ ನಕ್ಕರು. ಆಮೇಲೆ ಮೆತ್ತಗೆ, "ಆದರೆ ಆಗಲಿ. ದಾಮು ಹೋದ ಹಾಗೆ ಹೋಗಲಿಕ್ಕೂ ಪಡೆದು ಬರಬೇಕು."

ಸಾವಿತ್ರಿ ಮೊರ ಕೆಳಗಿಟ್ಟಳು. ಹೇಳದೆ ಕುಳಿತರೆ ಈ ಮನೆಯಲ್ಲಿ ಇನ್ನೊಂದು ಪುಣ್ಯಮರಣ. ಹೇಳಿದರೆ ಇವರು ಇನ್ನು ತನ್ನ ಕೈಯ ನೀರು ಕುಡಿದಾರೇ?

"ಅತ್ತಿಗೆ, ಅವರು ಪುಣ್ಯದಿಂದ ಹೋದದ್ದಲ್ಲ. ಹಿಂದಿನ ದಿನವೇ ವಸಡಿನಲ್ಲಿ ರಕ್ತ ಬಂದಿತ್ತು, ಕೈಮೇಲೆ ಇಂಥದೇ ಕಲೆ ಇತ್ತು. ನಾನು ನೋಡಿದ್ದೆ. ಕರೆದುಕೊಂಡು ಹೋಗಲಿಲ್ಲ. ವ್ರತ ಮಾಡಿಸಿದ್ದೂ ನಾನೇ. ಅದುವರೆಗೆ ವ್ರತದಲ್ಲೂ ಹೋಟೆಲಿನಲ್ಲಿ ಕದ್ದು ಸೊಪ್ಪು ತಿಂದುಕೊಂಡು ಬದುಕಿದ್ದರು."

ರತ್ನಮ್ಮನ ಬೆರಳು ಬೇಳೆಯಲ್ಲಿ ನಿಂತವು. ಎದ್ದು ಹೋಗಿ, ಹೊರಗೆ ಹೋಗುವ ಸೀರೆ ಉಟ್ಟು ಬಾಗಿಲಲ್ಲಿ ನಿಂತರು.

ಕೃತಕ ಕವಾಟವಿಲ್ಲದ ರತ್ನಮ್ಮನಿಗೆ ಎರಡು ಮೂರರ ನಡುವೆ ಇರಬೇಕಾದ ಅಂಕಿ ಆರು ಮುಕ್ಕಾಲು ದಾಟಿತ್ತು. ಡಾಕ್ಟರು ಆಂಟಿಬಯೊಟಿಕ್ ಬದಲಿಸಿದರು, ರಕ್ತದ ಮಾತ್ರೆಯನ್ನು ಎರಡು ದಿನ ತಡೆದು ಮತ್ತೆ ಪರೀಕ್ಷೆ ಮಾಡಿಸಿದರು. ಅಂಕಿ ಇಳಿಯಿತು. ಆ ದಿನಗಳಲ್ಲಿ ಸಾವಿತ್ರಿ ಬಡಿಸಿದ ಪಾಲಕ್ ಪಲ್ಯವನ್ನು ರತ್ನಮ್ಮ ತಲೆಯೆತ್ತದೆ ಉಂಡರು.

ಮಾತ್ರೆ ಮತ್ತೆ ಶುರುವಾದ ಸಂಜೆ ಸಾವಿತ್ರಿ ನೀರಿನ ಲೋಟ ತಂದು ನಿಂತಾಗ ಅವರು ಕೇಳಿದರು.

"ಆಸ್ಪತ್ರೆಗೆ ಹೋಗುವ ಅಂತ ಅವನು ಹೇಳಿದ್ದನಾ?"

ಇಷ್ಟು ಹೇಳಿಯೂ ಸಾವಿತ್ರಿ ಬಚ್ಚಿಟ್ಟುಕೊಂಡಿದ್ದು ಅದೊಂದನ್ನೇ. ಇಲ್ಲ ಅಂದರೆ ಅದು ಸುಳ್ಳು ಎನ್ನುವವರು ಯಾರೂ ಇರಲಿಲ್ಲ.

"ಹೇಳಿದ್ರು. ಎರಡು ಸಲ."

ರತ್ನಮ್ಮ ಕೈ ನೀಡಿದರು. ಅಂಗೈಗೆ ಬಿದ್ದ ಮಾತ್ರೆಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಸಾವಿತ್ರಿ ಕೈಯಿಂದ ಬಂದ ಮಾತ್ರೆಯನ್ನು ಎರಡು ವರ್ಷದಲ್ಲಿ ಒಮ್ಮೆಯೂ ಹಾಗೆ ನೋಡಿದವರಲ್ಲ. ಆಮೇಲೆ ನುಂಗಿದರು. ಮರುದಿನವೂ ನೋಡಿಯೇ ನುಂಗಿದರು. ಈಗಲೂ ಹಾಗೇ.