ಬಿಸಿ ರೊಟ್ಟಿಗೆಂದು ಜತ್ತಕ್ಕೆ ಹೋದದ್ದು

ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಯಳವಿಯಲ್ಲಿ ಮಹಿಳಾ ಬಚತ ಗಟ, ಅಂದರೆ ಉಳಿತಾಯ ಗುಂಪು, ಶುರುವಾದಾಗ ಎಲ್ಲರೂ ಕೂಡಿ ಒಂದೇ ಮಾತು ಆಡಿದ್ದೆವು: ರೊಟ್ಟಿ ಬೇಕೆಂದರೆ ತಾಲೂಕಿನ ಊರಾದ ಜತ್ತದ ಮಂದಿ ನಮ್ಮೂರನ್ನು ನೆನೆಯಬೇಕು. ನಾನು ಆ ಗುಂಪಿನ ಅಧ್ಯಕ್ಷೆ. ಮೊದಲ ದೊಡ್ಡ ಕೆಲಸ ಜತ್ತದ ಒಂದು ಮದುವೆಯದು. ಕಡಕ್ ರೊಟ್ಟಿ ಮಾಡಿ ಕಳಿಸಿದರೆ ಸಾಕು ಎಂದಿದ್ದರು. ಅವರವರ ಮನೆಯಲ್ಲೇ ಬಡಿದು, ಒಣಗಿಸಿ, ಬುಟ್ಟಿ ತುಂಬಿದೆವು.

ಮದುವೆ ಹತ್ತಿರ ಬಂದಾಗ ಹುಡುಗಿಯ ತಂದೆಯ ಫೋನ್ ಬಂತು.

"ಅಕ್ಕಾರ, ಬೀಗರು ಬಿಸಿ ರೊಟ್ಟಿನ ಬೇಕಂತಾರ್ರಿ. ಇಲ್ಲೇ ಬಂದು ಬಡೀತೀರೇನ್ರಿ?"

ಸಂಜೆ ನಮ್ಮ ಪಡಸಾಲೆಯಲ್ಲಿ ಜಗಳವೇ ಆಯಿತು. "ಮಾಡಿದ ರೊಟ್ಟಿ ಏನ್ ಮಾಡೂದು?" ಎಂದು ಒಬ್ಬಳು ಸಿಟ್ಟಾದಳು. "ಮಂದಿ ಮುಂದ ಕುಂತು ಬಡ್ಯಾಕ ನಮ್ಮ ಅತ್ತಿ ಬಿಡಂಗಿಲ್ಲ" ಎಂದಳು ಗುಂಪಿನಲ್ಲಿ ಎಲ್ಲರಿಗಿಂತ ತೆಳ್ಳಗೆ ಬಡಿಯುವ, ನಮ್ಮೂರಿನ ಸೊಸೆಯೊಬ್ಬಳು. ನಾನು ಕೇಳಿದೆ: "ನಾವು ಕೂಡಿದ್ದು ಕಡಕ್ ರೊಟ್ಟಿ ಮಾಡಾಕೇನ, ಊರಿನ ಹೆಸರು ಮಾಡಾಕೇನ?"

ನಮ್ಮೊಳಗೆ ಹಿರಿಯರಾದ ಬೌದ್ಧರ ಓಣಿಯ ಚಿಕ್ಕಮ್ಮ, ಎಲ್ಲರೂ ಕಾಕು ಎನ್ನುವವರು, ಸೆರಗು ಬಿಗಿದು ಕೂತರು.

"ನಾ ಅಂತೂ ಹೋಗಾಕಿ. ಬರಾಕ ಆಗದವ್ರು ಹಿಟ್ಟ ಬೀಸಿಸ್ರಿ, ಶೇಂಗಾ ಚಟ್ನಿ ಕುಟ್ರಿ. ಅದೂ ನಮ್ದ ಕೆಲಸ."

ಅಲ್ಲಿಂದ ಮಾತಿಗೊಂದು ದಾರಿ ಸಿಕ್ಕಿತು. ಕಡಕ್ ರೊಟ್ಟಿಯನ್ನೂ ಚಟ್ನಿಯ ಜೊತೆ ಬಡಿಸೋಣ ಎಂದು ಫೋನಿನಲ್ಲಿ ಕೇಳಿದೆ. ಹುಡುಗಿಯ ತಂದೆ ಖುಷಿಯಿಂದ ಒಪ್ಪಿದರು. ಕಾಕು ಆ ಸೊಸೆಯ ಮನೆಗೆ ಹೋಗಿ, ಅತ್ತೆಗೆ "ನೀವೂ ಬರ್ರಿ, ನಿಮ್ಮ ಕಣ್ಣ ಮುಂದನ ಬಡೀಲಿ" ಎಂದರು. ಮದುವೆಯ ದಿನ ಟೆಂಪೋದಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ಕೂತವರು ಆ ಅತ್ತೆಯೇ.

ಮದುವೆ ನಡೆಯುವ ಮಂಗಲ ಕಾರ್ಯಾಲಯದ ಹಿಂದೆ ಒಲೆಗಳ ಸಾಲು ಹೂಡಿದೆವು. ಒಬ್ಬರು ನಾದುವುದು, ಒಬ್ಬರು ಬಡಿಯುವುದು, ಒಬ್ಬರು ಬೇಯಿಸುವುದು. ಹೊಗೆಗೆ ಕಣ್ಣು ಉರಿದರೂ ಕೈ ನಿಲ್ಲಲಿಲ್ಲ. ಉಬ್ಬಿದ ರೊಟ್ಟಿ ಹಾಗೇ ಪಂಕ್ತಿಗೆ ಹೋಗುತ್ತಿತ್ತು. ಊಟ ಮುಗಿಸಿದ ಬೀಗರ ಕಡೆಯ ಹೆಂಗಸೊಬ್ಬರು ಹುಡುಕಿಕೊಂಡು ಬಂದು, ನೀವು ಯಾವ ಊರಿನವರು ಎಂದು ಮರಾಠಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆ ಅತ್ತೆ, ಕೈಗೆ ಮೆತ್ತಿದ ಹಿಟ್ಟಿನ ಸಮೇತ ಎದ್ದು ನಿಂತು, "ಆಮ್ಹೀ ಯಳವೀಚ್ಯಾ!", ನಾವು ಯಳವಿಯವರು, ಎಂದು ಮರಾಠಿಯಲ್ಲೇ ಜೋರಾಗಿ ಹೇಳಿದರು.

ಊರಿಗೆ ಬಂದವರೇ ಮೊದಲು ಮನೆಯಲ್ಲುಳಿದವರ ಬಳಿ ಹೋದೆವು. ಚಟ್ನಿ ಪಂಕ್ತಿಯ ನಡುವೆಯೇ ಮುಗಿದು, ಮಂದಿ ಮತ್ತೆ ಮತ್ತೆ ಕೇಳಿದ್ದನ್ನು ಅವರಿಗೆ ಹೇಳಬೇಕಿತ್ತು.