ಮೇಲೆ ಟ್ಯಾಂಕ್ ಅಷ್ಟೇ

ಸರೋಜಾ, ನಿನ್ನ ಮಗಳನ್ನು ಲೆಕ್ಕದಿಂದ ಬಿಡಿಸಿದವಳು ನಾನು. ಸರ್ವೆಯವರು ಬಂದು ನಿಮ್ಮ ಬಿಲ್ಡಿಂಗಿನಲ್ಲಿ ಅಂಗವಿಕಲರು ಯಾರಾದರೂ ಇದ್ದಾರಾ ಅಂತ ಕೇಳಿದಾಗ, ಗೇಟಿಗೆ ಒರಗಿ ನಿಂತು ‘ಯಾರೂ ಇಲ್ಲ’ ಅಂದವಳು ನಿನ್ನ ಓನರಕ್ಕ. ಆ ಹೊತ್ತಿಗೆ ದೀಪಾ ಟೆರೇಸಿನ ರೂಮಿನಲ್ಲಿದ್ದಳು. ಆ ರೂಮಿನ ಬೀಗದ ಕೈ ನನ್ನ ಸೆರಗಿನ ತುದಿಯ ಗಂಟಿನಲ್ಲಿತ್ತು.

ನಿನ್ನೆದುರು ಹೇಳುವ ಮೊದಲು ಬರೆದಿಟ್ಟುಕೊಳ್ಳುತ್ತಿದ್ದೇನೆ. ಬಾಯಿಬಿಟ್ಟರೆ ನಾನು ಮಾತನ್ನು ಎಲ್ಲೆಲ್ಲಿಗೋ ತಿರುಗಿಸುತ್ತೇನೆ, ಅದು ನನಗೇ ಗೊತ್ತು. ನಮ್ಮ ಬೀದಿಯ ನಾಲ್ಕು ಜನವೂ ಓದಲಿ ಅಂತ, ನಿನಗೆ ಗೊತ್ತಿರುವುದನ್ನೂ ಬರೆದಿದ್ದೇನೆ. ಬೇಸರ ಮಾಡಿಕೊಳ್ಳಬೇಡ.

ಸಿಂಗಸಂದ್ರದಲ್ಲಿ ನಮ್ಮ ಮಾವನ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ನಮ್ಮ ಬಿಲ್ಡಿಂಗ್ ಇದೆ. ಕೆಳಗೆ ನಾವು, ಮೇಲಿನ ಎರಡು ಮಹಡಿಯಲ್ಲಿ ಬಾಡಿಗೆಯವರು, ಟೆರೇಸಿನಲ್ಲಿ ಟ್ಯಾಂಕಿನ ಪಕ್ಕ ಒಂದು ಶೀಟಿನ ರೂಮು. ಆ ರೂಮು ಪ್ಲಾನಿನಲ್ಲಿ ಇಲ್ಲ. ಹೊಸೂರು ರಸ್ತೆಯ ಈ ಕಡೆ ಅಂಥದ್ದೊಂದು ರೂಮಿಲ್ಲದ ಬಿಲ್ಡಿಂಗ್ ಹುಡುಕುವುದು ಕಷ್ಟವೇ. ಅದು ನಿನ್ನ ಮನೆಯಾಗಿತ್ತು. ನೀನು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದೆ. ನಿನ್ನ ಗಂಡ — ಅವನ ಮಾತು ಇಲ್ಲಿ ಬೇಡ.

ದೀಪಾಗೆ ಆಗ ಆರು ವರ್ಷ. ಕಾಲುಗಳು ಬಿಗಿದುಕೊಂಡು ಕತ್ತರಿ ಹಾಕಿದ ಹಾಗೆ ಒಂದರ ಮೇಲೊಂದು ಬರುತ್ತಿದ್ದವು. ಮಾತಿರಲಿಲ್ಲ, ಕಿವಿ ಮಾತ್ರ ಬಲು ಚುರುಕು. ಕಾಲಿಗೆ ವ್ಯಾಯಾಮ ಮಾಡಿಸಬೇಕು, ಅದೂ ಗೊತ್ತಿರುವವರ ಕೈಯಲ್ಲೇ ಮಾಡಿಸಬೇಕು, ಬೆಳೆಯುವ ವಯಸ್ಸಿನಲ್ಲಿ ಬಿಟ್ಟರೆ ಆಮೇಲೆ ಕಷ್ಟ ಅಂತ ದೊಡ್ಡಾಸ್ಪತ್ರೆಯವರು ಹೇಳಿ ಕಳಿಸಿದ್ದರು. ಗೊತ್ತಿರುವವರು ಎಲ್ಲಿ ಸಿಗುತ್ತಾರೆ ಅನ್ನುವುದನ್ನು ಅವರು ಹೇಳಲಿಲ್ಲ. ನೀನು ಅವಳ ಸುತ್ತ ದಿಂಬು ಒತ್ತರಿಸಿ, ಹೊರಗಿನಿಂದ ಬೀಗ ಹಾಕಿ, ಬೀಗದ ಕೈಯನ್ನು ನನಗೆ ಕೊಟ್ಟು ಹೋಗುತ್ತಿದ್ದೆ. ಮಧ್ಯಾಹ್ನ ನಾನು ಹತ್ತಿ ಹೋಗಿ ಊಟ ಮಾಡಿಸಿ, ಬಟ್ಟೆ ಬದಲಾಯಿಸಿ ಬರುತ್ತಿದ್ದೆ. ಕೆಳಗೆ ಎಲ್ಲಾದರೂ ನನ್ನ ದನಿ ಕೇಳಿದರೆ ಸಾಕು, ಅವಳು ಸ್ಟೀಲ್ ಲೋಟ ತೆಗೆದುಕೊಂಡು ನೆಲಕ್ಕೆ ಬಡಿಯುತ್ತಿದ್ದಳು. ನನ್ನನ್ನು ಕರೆಯಲು ಅವಳಿಗೆ ಇದ್ದದ್ದು ಅದೊಂದೇ.

ಸರ್ವೆಯವರ ಪದ್ಧತಿ ನಿನಗೆ ಗೊತ್ತಿರಲಿಕ್ಕಿಲ್ಲ, ಏಕೆಂದರೆ ಅವರು ಬಂದಾಗ ನೀವು ಯಾರೂ ಇರುವುದಿಲ್ಲ. ನೀವೆಲ್ಲ ಕೆಲಸಕ್ಕೆ ಹೋದ ಮೇಲೇ ಅವರು ಬರುವುದು. ಮಹಡಿ ಹತ್ತುವ ಗೋಜಿಗೆ ಹೋಗದೆ ಓನರನ್ನು ಗೇಟಿಗೆ ಕರೆದು ಇಡೀ ಬಿಲ್ಡಿಂಗಿನದನ್ನು ಒಂದೇ ಸಲ ಕೇಳಿ ಮುಗಿಸುತ್ತಾರೆ. ನಮಗೂ ಅದೇ ಸುಖ. ಯಾರಿಗೆ ಎಷ್ಟು ಮಕ್ಕಳು, ಯಾರಿಗೆ ಶುಗರು, ಯಾರು ಯಾವ ಊರಿನವರು — ಎಲ್ಲಾ ನನಗೇ ಗೊತ್ತು ಅನ್ನುವ ಜಂಬ ಬೇರೆ.

ಅವತ್ತು ಬಂದವರು ಯಾವುದೋ ಶಾಲೆಯ ಟೀಚರು. ಬಿಸಿಲಿಗೆ ಮುಖ ಬಾಡಿತ್ತು, ಕುಡಿಯಲು ನೀರು ಕೊಟ್ಟೆ. ಒಂದೊಂದೇ ಮನೆಯದನ್ನು ಪಟಪಟ ಹೇಳಿದೆ. ಅಂಗವಿಕಲರ ಪ್ರಶ್ನೆ ಬಂದಾಗ ಯಾರೂ ಇಲ್ಲ ಅಂದೆ. ಅವರು ಸುಮ್ಮನೆ ತಲೆಯೆತ್ತಿ ನೋಡಿ, “ಮೇಲೆ ಯಾರಿದ್ದಾರೆ ಮೇಡಂ?” ಅಂದರು.

“ಮೇಲೆ ಟ್ಯಾಂಕ್ ಅಷ್ಟೇ.”

ನನ್ನ ದನಿ ಕೇಳಿಸಿರಬೇಕು — ಮೇಲಿನಿಂದ ಲೋಟದ ಸದ್ದು ಶುರುವಾಯಿತು.

“ಏನ್ ಮೇಡಂ ಅದು?”

“ಪೈಪ್ ರಿಪೇರಿ ನಡೀತಿದೆ.”

ಅವರು ಬರೆದುಕೊಂಡು ಪಕ್ಕದ ಗೇಟಿಗೆ ಹೋದರು. ನಾನು ಮೇಲೆ ಹೋಗಿ ದೀಪಾಗೆ ಮೊಸರನ್ನ ತಿನ್ನಿಸಿದೆ. ಕರೆದ ಕೂಡಲೇ ಬಂದೆ ಅಂತ ಅವಳು ನಕ್ಕಳು.

ಯಾಕೆ ಹಾಗಂದೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಪ್ಲಾನಿನಲ್ಲಿಲ್ಲದ ರೂಮಿನ ಭಯ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ — ಮೇಲೆ ಒಂದು ಮಗು ಇದೆ ಅಂದರೆ, ಎಲ್ಲಿ, ತೋರಿಸಿ ಅನ್ನುತ್ತಿದ್ದರು. ಆಗ ನಾನು ಸೆರಗಿನಿಂದ ಬೀಗದ ಕೈ ಬಿಚ್ಚಬೇಕಾಗುತ್ತಿತ್ತು. ಮಗುವನ್ನು ಕೂಡಿಹಾಕುವ ಹೆಂಗಸು ಅಂತ ಅವರ ಕಣ್ಣಿನಲ್ಲಿ ಆಗಿಬಿಡುತ್ತಿದ್ದೆ. ನನಗೆ ನಾಚಿಕೆಯಾಗುವುದನ್ನು ತಪ್ಪಿಸಿಕೊಳ್ಳಲು ನಿನ್ನ ಮಗಳನ್ನು ಪೈಪು ಅಂದೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಆಮೇಲೆ ಮರೆತೂಬಿಟ್ಟೆ. ಎರಡು ವರ್ಷ ಕಳೆದಿರಬೇಕು. ಯಾವುದೋ ಕಂಪನಿಯ ದುಡ್ಡಿನಲ್ಲಿ ಒಂದು ವ್ಯಾನು ಏರಿಯಾ ಏರಿಯಾಕ್ಕೆ ಬಂದು ಇಂಥ ಮಕ್ಕಳಿಗೆ ಉಚಿತವಾಗಿ ವ್ಯಾಯಾಮ ಮಾಡಿಸುತ್ತದೆ ಅಂತ ನೀನೇ ಸುದ್ದಿ ತಂದೆ. ನಿನ್ನ ಮುಖ ಅರಳಿದ್ದು ನೋಡಿ ನನಗೂ ಹುರುಪು ಬಂತು. ವ್ಯಾನಿನವರಿಗೆ ಫೋನ್ ಮಾಡಿದರೆ, ಅಗತ್ಯ ಇರುವ ಕಡೆಗೇ ಹೋಗುತ್ತೇವೆ, ನಿಮ್ಮ ಏರಿಯಾದಲ್ಲಿ ಎಷ್ಟು ಜನ ಇದ್ದಾರೆ ಅಂತ ಸರ್ಕಾರಿ ಅಂಕಿ-ಅಂಶ ತನ್ನಿ ಅಂದರು. ಮಗುವನ್ನೇ ಎತ್ತಿಕೊಂಡು ಬಂದು ತೋರಿಸುತ್ತೇನೆ ಅಂದೆ. “ಮಗು ತೋರಿಸಿದ್ರೆ ಆಗಲ್ಲ ಮೇಡಂ, ಡೇಟಾ ಬೇಕು” ಅಂದರು.

ಡೇಟಾ! ಆ ಪದ ಕೇಳಿದರೆ ಈಗಲೂ ಮೈ ಉರಿಯುತ್ತದೆ. ವಾರ್ಡ್ ಆಫೀಸಿಗೆ ಹೋದರೆ ವಾರ್ಡು ಬದಲಾಗಿದೆ, ಹಳೆಯ ಲೆಕ್ಕ ಹಳೆಯ ವಾರ್ಡಿನಲ್ಲಿದೆ, ಹಳೆಯ ವಾರ್ಡು ಈಗ ಇಲ್ಲ. ಆರೋಗ್ಯ ಕೇಂದ್ರದಲ್ಲಿ ಜ್ವರದ ಲೆಕ್ಕ ಇದೆ, ಬಸುರಿಯರ ಲೆಕ್ಕ ಇದೆ, ಕಾಲಿನ ಲೆಕ್ಕ ಇಲ್ಲ. ಅಂಗನವಾಡಿಯವರು ಆರು ವರ್ಷ ದಾಟಿದರೆ ನಮ್ಮ ಮಗು ಅಲ್ಲ ಅಂದರು. ಪಿಂಚಣಿ ವಿಭಾಗದವರ ಹತ್ತಿರ ಇಲ್ಲಿನ ರೇಷನ್ ಕಾರ್ಡ್ ಇದ್ದವರ ಹೆಸರು ಮಾತ್ರ ಇತ್ತು, ನಿನ್ನ ಕಾರ್ಡು ನಿನ್ನ ಊರಿನದು. ತಾಲ್ಲೂಕು ಕಚೇರಿಯಲ್ಲಂತೂ ನಮ್ಮ ಬೀದಿ ಇನ್ನೂ ನಮ್ಮ ಮಾವನ ರಾಗಿ ಹೊಲವೇ. ಹೊಲದಲ್ಲಿ ಅಂಗವಿಕಲರು ಎಲ್ಲಿಂದ ಬರಬೇಕು? ವೆಬ್‌ಸೈಟಿನಲ್ಲಿ ಹಾಕಿದ್ದೀವಿ ನೋಡ್ಕೊಳ್ಳಿ ಅಂದ ಒಬ್ಬ ಮಹಾರಾಯ. ಮೊಬೈಲಿನಲ್ಲಿ ತೆಗೆದು ಕನ್ನಡಕ ಏರಿಸಿ ನೋಡಿದರೆ, ಇಡೀ ಜಿಲ್ಲೆಗೆ ಒಂದೇ ಒಂದು ಸಾಲು. ಅದರಲ್ಲಿ ಸಿಂಗಸಂದ್ರ ಎಲ್ಲಿ, ನಮ್ಮ ಬೀದಿ ಎಲ್ಲಿ, ದೀಪಾ ಎಲ್ಲಿ! ಚಪ್ಪಲಿ ಸವೆಯಿತೇ ಹೊರತು ಒಂದು ಅಂಕಿ ಕೈಗೆ ಸಿಗಲಿಲ್ಲ. ಸಿಕ್ಕಸಿಕ್ಕಲ್ಲೆಲ್ಲ ಜಗಳ ಆಡಿದೆ. ನಿಜ ಹೇಳುತ್ತೇನೆ, ಜಗಳ ಆಡುವಾಗ ನನಗೆ ಹೆಮ್ಮೆಯಾಗುತ್ತಿತ್ತು.

ಕೊನೆಗೆ ಒಂದು ಕಚೇರಿಯಲ್ಲಿ ನಮ್ಮ ಬೀದಿ ಸಿಕ್ಕಿತು. ನೀನು ಅರ್ಧ ದಿನ ರಜೆ ಹಾಕಿ, ದೀಪಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೆ. ಕಂಪ್ಯೂಟರಿನ ಮುಂದಿದ್ದ ಹುಡುಗಿ ಒಳ್ಳೆಯವಳು, ಸಮಾಧಾನದಿಂದ ಹುಡುಕಿದಳು. ಆಮೇಲೆ ಒಂದು ಸಲ ದೀಪಾಳ ಕಡೆ ನೋಡಿ, ಮೆಲ್ಲಗೆ, “ನಿಮ್ಮ ರೋಡಲ್ಲಿ ಸೊನ್ನೆ ಇದೆ ಮೇಡಂ” ಅಂದಳು.

ನಾನು ಟೇಬಲ್ ಬಡಿದೆ. “ಸೊನ್ನೆ ಅಂತೆ! ಕಣ್ಣೆದುರು ಮಗು ಮಲಗಿದೆ ಕಾಣ್ಸಲ್ವಾ? ಯಾವ ಪುಣ್ಯಾತ್ಮ ಬರೆದಿದ್ದು ಇದನ್ನ?”

“ಮನೆಯವರು ಏನ್ ಹೇಳ್ತಾರೋ ಅದನ್ನೇ ಬರೀತಾರೆ ಮೇಡಂ. ಯಾರೋ ಇಲ್ಲ ಅಂದಿರ್ತಾರೆ.”

ಆ ಕ್ಷಣದಲ್ಲಿ ನನಗೆ ಗೇಟು ನೆನಪಾಯಿತು. ನೀರಿನ ಲೋಟ, ಬಾಡಿದ ಮುಖ, ಪೈಪು — ಎಲ್ಲಾ. ಹೇಳಬೇಕಾಗಿದ್ದದ್ದು ಆಗಲೇ. ಎರಡು ಮಾತು ಸಾಕಿತ್ತು. ಅಷ್ಟರಲ್ಲಿ ನೀನು, ತಲೆ ತಗ್ಗಿಸಿಕೊಂಡು, “ನಾನ್ ಮನೇಲಿ ಇರ್ಲಿಲ್ವಲ್ಲ ಅಕ್ಕಾ, ನಂದೇ ತಪ್ಪು” ಅಂದೆ.

ನಾನು ಸುಮ್ಮನಿದ್ದೆ. ಸರೋಜಾ, ಗೇಟಿನಲ್ಲಿ ಹೇಳಿದ ಸುಳ್ಳಿಗಿಂತ ಇದು ದೊಡ್ಡದು. ನಿನ್ನ ತಪ್ಪು ಅಂತ ನೀನು ಒಪ್ಪಿಕೊಳ್ಳುವುದನ್ನು ಕೂತು ಕೇಳಿಸಿಕೊಂಡೆ. ವಾಪಸು ಬರುವಾಗ ಆಟೋದಲ್ಲಿ ನನ್ನ ಕೈ ಹಿಡಿದುಕೊಂಡು, “ನೀವಿಲ್ದಿದ್ರೆ ನಮ್ಮ ಪರವಾಗಿ ಯಾರು ಜಗಳ ಆಡ್ತಿದ್ರು ಅಕ್ಕಾ” ಅಂದೆಯಲ್ಲ, ಆಗಲೂ ಕೈ ಬಿಡಿಸಿಕೊಳ್ಳಲಿಲ್ಲ.

ವ್ಯಾನು ಬೆಳ್ಳಂದೂರಿನ ಕಡೆ ಹೋಯಿತು. ದೀಪಾಳನ್ನು ಬಸ್ಸಿನಲ್ಲಿ ಕೂರಿಸಲಾಗದೆ ನೀನು ಒಂದಷ್ಟು ದಿನ ಒದ್ದಾಡಿದೆ, ಕೊನೆಗೆ ಗಾರ್ಮೆಂಟ್ಸ್ ಬಿಟ್ಟು, ನನ್ನ ರೂಮು ಬಿಟ್ಟು, ಅಲ್ಲೇ ಒಂದು ಆಫೀಸಿನ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿಕೊಂಡೆ. ಬೀಗದ ಕೈ ಕೊಡುವಾಗ ನನ್ನ ಕಾಲಿಗೆ ಬಿದ್ದೆ. ಮೊನ್ನೆ ಫೋನಿನಲ್ಲಿ ನೀನು ಹೇಳಿದೆ — ಮೊದಲೇ ಶುರುಮಾಡಿದ್ದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳೇನೋ, ಈಗ ಕಾಲು ತುಂಬಾ ಬಿಗಿದುಬಿಟ್ಟಿದೆ ಅಂದರಂತೆ ವ್ಯಾನಿನವರು. ನೀನು ಯಾರನ್ನೂ ಬೈಯಲಿಲ್ಲ. ನಿನ್ನ ಧ್ವನಿಯಲ್ಲಿ ಸುಸ್ತು ಬಿಟ್ಟರೆ ಬೇರೇನೂ ಇರಲಿಲ್ಲ.

ಫೋನಿಟ್ಟ ಮೇಲೆ ಕೂರಲಾಗಲಿಲ್ಲ. ನಮ್ಮ ಬೀದಿಯನ್ನಾದರೂ ನಾನೇ ಸರಿಯಾಗಿ ಎಣಿಸಿ ಕೊಡುತ್ತೇನೆ ಅಂತ ಶನಿವಾರ ಗೇಟು ಗೇಟು ತಟ್ಟಿದೆ. ಎದುರು ಬಿಲ್ಡಿಂಗಿನ ಓನರು ನಮ್ಮವರೇ, ದೂರದ ಸಂಬಂಧ. ಅವರ ಟೆರೇಸಿನ ರೂಮಿನಲ್ಲಿ ಲಕ್ವ ಹೊಡೆದ ಮುದುಕಿ ಇದ್ದಾಳೆ ಅಂತ ಬೀದಿಗೆಲ್ಲ ಗೊತ್ತು. ಅವರು ಗೇಟಿಗೆ ಒರಗಿ ನಿಂತು, ಹಲ್ಲಿಗೆ ಕಡ್ಡಿ ಹಾಕಿಕೊಂಡು, “ಮೇಲೆ ಯಾರವ್ರೆ ಕಣಕ್ಕಾ, ಬರೀ ಟ್ಯಾಂಕು” ಅಂದರು.

ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಅವರೂ ಹಾಗೇ, ಬೀದಿಯ ಓನರುಗಳೆಲ್ಲ ಹಾಗೇ ಅಂತ ಹಂಚಿಕೊಂಡು ಹಗುರ ಮಾಡಿಕೊಳ್ಳುವುದಿಲ್ಲ. ನನ್ನ ಮನೆಯ ಸೊನ್ನೆ ನನ್ನದು. ಇದನ್ನು ನಿನಗೆ ಓದಿ ಹೇಳಿದ ಮೇಲೆ ಎದುರು ಗೇಟಿನಲ್ಲೂ ಓದುತ್ತೇನೆ.

ನಾಳೆ ನಿನಗೆ ರಜೆ. ಬರುತ್ತೇನೆ. ಬಾಗಿಲ ಹೊರಗೇ ನಿಂತು ಓದುತ್ತೇನೆ, ಆಮೇಲೆ ಒಳಗೆ ಕರೆಯುವುದು ಬಿಡುವುದು ನಿನ್ನಿಷ್ಟ. ಕರೆಯದಿದ್ದರೆ ಬೇಜಾರಿಲ್ಲ. ನನಗೆ ಹೆದರಿಕೆ ಇರುವುದು ಬೇರೆಯದಕ್ಕೆ — ನಾನು ಓದಲು ಬಾಯಿ ತೆರೆದ ಕೂಡಲೇ ದೀಪಾ ನನ್ನ ದನಿ ಗುರುತಿಸಿ, ಒಳಗಿನಿಂದ ಲೋಟ ಬಡಿಯುತ್ತಾಳೆ.