ಅಣ್ಣನ ಹೆಸರು ಹೇಳಿದೆ

ಗೆಳೆಯರ, ಇವತ್ತ ಮುಂಜಾನೆ ನಮ್ಮೂರ ಭೋಜದಿಂದ ಬಸ್ ಹತ್ತಿ ನಿಪ್ಪಾಣಿಗೆ ಹೋಗಿದ್ದೆ, ಕುಡಿತ ಬಿಡೋರ ಸಭೆಗೆ. ಎಸ್‌ಟಿಡಿ ಬೂತಿನವಗ "ನಮ್ಮ ದೋಸ್ತನ ಸಲುವಾಗಿ ಬೇಕಾಗೇತ್ರಿ" ಅಂತ ಸುಳ್ಳ ಹೇಳಿ ಸಭೆ ನಡಿಯೋ ಜಾಗಾ ಕೇಳಿಕೊಂಡೆ.

ಸಾಲಿ ಖೋಲ್ಯಾಗ ಏಳೆಂಟ ಮಂದಿ ಕುಂತಿದ್ರು. ಒಬ್ರು ಹಿರಿಯರು ಎದ್ದು, "ಬರ್ರಿ, ಚಾ ತಗೋರಿ. ನಿಮ್ಮ ಹೆಸರೇನ್ರಿ?" ಅಂದ್ರು.

ನನ್ನ ಹೆಸರ ಹೇಳಾಕ ನಾಚಿಕಿ ಬಂತು. ಒಂದ ಹನಿ ಸುದ್ದಾ ಮುಟ್ಟದ ನಮ್ಮ ಅಣ್ಣನ ಹೆಸರ ಬಾಯಿಗೆ ಬಂತು. "ಭೋಜದ ಭೂಪಾಲ್ರಿ."

ಅವರು ನನ್ನ ಮಾರಿ ನೋಡಿ ಮೆಲ್ಲಕ ಅಂದ್ರು, "ಭೂಪಾಲಣ್ಣಾರು ಹೋದ ವಾರನ ಬಂದಿದ್ರಲ್ರಿ. 'ನಮ್ಮ ತಮ್ಮ ಬಂದ್ರ ಬೈಬ್ಯಾಡ್ರಿ' ಅಂತ ಎಲ್ಲಾರಿಗೂ ಕೈ ಮುಗದ ಹೋದ್ರು."

ನೆಲಾ ನೋಡಕೋತ ನನ್ನ ಹೆಸರ ಹೇಳಿ ಕುಂತೆ.

ಕುಡದ ನನ್ನ ಹೆಸರ ಕೆಡಿಸ್ಕೊಂಡಿದ್ದು ಸಾಲಲಿಲ್ಲಂತ, ಕುಡಿಯದವನ ಹೆಸರಿಗೂ ಕೈ ಹಾಕಿದ್ದೆ.